ಕಾಫಿ ಕುಯ್ಲಿಗೆ ಮೊದಲೇ ಮಂಡಿ ಗಟ್ಟಿ ಮಾಡಿಕೊಳ್ಳಿ

ಕೊಡಗಿನಲ್ಲಿ ಮಂಡಿ ನೋವಿಗೆ ವರ್ಷಕ್ಕೆ ಎರಡು ಸೀಸನ್. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಥಂಡಿ. ಆಗ ಕೀಲು ಹಿಡಿದುಕೊಳ್ಳುತ್ತದೆ. ನವೆಂಬರ್ ಹೊತ್ತಿಗೆ ಅರೇಬಿಕಾ ಕುಯ್ಲು, ಆಮೇಲೆ ರೋಬಸ್ಟಾ, ಅದರ ಬೆನ್ನಿಗೇ ಕರಿಮೆಣಸು. ಆಗ ಅದೇ ಮಂಡಿ ಊದಿಕೊಳ್ಳುತ್ತದೆ.

ಇವೆರಡಕ್ಕೂ ನಂಟಿದೆ. ಮಳೆಗಾಲದಲ್ಲಿ "ನೋವು ಜಾಸ್ತಿ, ಸುಮ್ನೆ ಕೂತಿರೋಣ" ಅಂತ ಒಲೆ ಪಕ್ಕ ಕೂರುತ್ತೇವೆ. ನಾಲ್ಕು ತಿಂಗಳಲ್ಲಿ ತೊಡೆಯ ಸ್ನಾಯು ಸೊರಗುತ್ತದೆ. ಕುಯ್ಲು ಶುರುವಾದ ದಿನ ಆ ಸೊರಗಿದ ಕಾಲಲ್ಲೇ ಇಳಿಜಾರು ಹತ್ತಿ ಇಳಿಯುತ್ತೇವೆ, ಕುಕ್ಕರಗಾಲಲ್ಲಿ ಕೂತು ಉದುರಿದ ಕಾಫಿ ಹೆಕ್ಕುತ್ತೇವೆ. ಮಂಡಿ ಕೈಕೊಡದೆ ಏನು ಮಾಡೀತು? ಹಾಗಾಗಿ ನಾನು ಹೇಳುವುದು ಇಷ್ಟೆ: ಕಾಲಿಗೆ ಬಲ ತುಂಬಬೇಕಾದ್ದು ಮಳೆಗಾಲದಲ್ಲಿ. ಕುಯ್ಲಿನ ಹೊತ್ತಿಗೆ ಮಾತ್ರೆ ಹುಡುಕುವ ಬದಲು ಆಗಸ್ಟ್‌ನಲ್ಲೇ ಕೆಲಸ ಶುರು ಮಾಡಿ.

ಮೊದಲು, ಇದು ಯಾವ ನೋವು ಅಂತ ನೋಡಿ

ಮಂಡಿ ನೋವೆಲ್ಲ ಒಂದೇ ಅಲ್ಲ. ನಾವಿಲ್ಲಿ ಮಾತಾಡುತ್ತಿರುವುದು ಆಸ್ಟಿಯೋಆರ್ಥ್ರೈಟಿಸ್ ಬಗ್ಗೆ, ಜನ ಕೀಲು ಸವೆತ ಅನ್ನುವ ಕಾಯಿಲೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2019ರಲ್ಲಿ ಜಗತ್ತಿನಲ್ಲಿ ಸುಮಾರು 52.8 ಕೋಟಿ ಜನರಿಗೆ ಇದಿತ್ತು. ಅವರಲ್ಲಿ ಶೇ. 60ರಷ್ಟು ಹೆಂಗಸರು. ಬೇರೆಲ್ಲ ಕೀಲುಗಳಿಗಿಂತ ಜಾಸ್ತಿ ಪೆಟ್ಟು ತಿನ್ನುವುದು ಮಂಡಿ. ಸೊಂಟದ ಕೀಲು, ಬೆನ್ನು, ಹೆಬ್ಬೆರಳಿನ ಬುಡ, ಬೆರಳ ತುದಿಯ ಗೆಣ್ಣುಗಳಿಗೂ ಬರುತ್ತದೆ.

ಗುರುತು ಹೀಗಿರುತ್ತದೆ. ವಯಸ್ಸು 45 ದಾಟಿದೆ. ನಡೆದರೆ, ಮೆಟ್ಟಿಲು ಇಳಿದರೆ ನೋವು, ಕೂತರೆ ಕಡಿಮೆ. ಬೆಳಿಗ್ಗೆ ಎದ್ದಾಗ ಮಂಡಿ ಬಿಗಿ, ಆದರೆ ಅರ್ಧ ಗಂಟೆಯೊಳಗೆ ಸಡಿಲ. ಬಸ್ಸಿನಲ್ಲಿ ಕುಶಾಲನಗರದವರೆಗೆ ಕೂತು ಇಳಿಯುವಾಗ ಮೊದಲ ನಾಲ್ಕು ಹೆಜ್ಜೆ ಕಷ್ಟ, ಆಮೇಲೆ ಸರಿ. ಮಂಡಿ ಮಡಚಿದಾಗ ಕಟಕಟ ಅನ್ನಬಹುದು. ನೋವಿಲ್ಲದ ಬರೀ ಶಬ್ದಕ್ಕೆ ಹೆದರಬೇಡಿ.

ಬೆಳಗಿನ ಬಿಗಿತ ಗಂಟೆಗಟ್ಟಲೆ ಇದ್ದು, ಎರಡೂ ಕೈಯ ಬೆರಳ ಗೆಣ್ಣು ಮತ್ತು ಮಣಿಕಟ್ಟು ಊದಿದ್ದರೆ ಅದು ರುಮಟಾಯ್ಡ್ ಆರ್ಥ್ರೈಟಿಸ್ ಇರಬಹುದು. ಅದರ ಚಿಕಿತ್ಸೆಯೇ ಬೇರೆ, ತಡ ಮಾಡಿದರೆ ಕೀಲು ಹಾಳಾಗುತ್ತದೆ. ರಾತ್ರೋರಾತ್ರಿ ಕಾಲಿನ ಹೆಬ್ಬೆರಳು ಕೆಂಪಾಗಿ, ಹೊದಿಕೆ ತಗುಲಿದರೂ ಪ್ರಾಣ ಹೋಗುವಂತೆ ಉರಿದರೆ ಗೌಟ್ ಇರಬಹುದು, ಅಂದರೆ ಯೂರಿಕ್ ಆ್ಯಸಿಡ್ ತೊಂದರೆ. ಮಾಂಸ, ಬಿಯರು ಜಾಸ್ತಿಯಾದಾಗ ಇದು ಕೆರಳುತ್ತದೆ. ನಮ್ಮ ಮದುವೆ ಮನೆ ಊಟದ ಮಾರನೆಯ ದಿನ ಹೀಗಾದರೆ ಮಂಡಿ ಸವೆತ ಅಂದುಕೊಂಡು ಎಣ್ಣೆ ತಿಕ್ಕುತ್ತಾ ಕೂರಬೇಡಿ.

ಜ್ವರದ ಜೊತೆ ಕೀಲು ಬಿಸಿಯಾಗಿ ಊದಿದ್ದರೆ, ಬಿದ್ದ ಮೇಲೆ ಕಾಲೂರಲು ಆಗದಿದ್ದರೆ ಅವತ್ತೇ ಆಸ್ಪತ್ರೆಗೆ ಹೋಗಿ. ಮಂಡಿ ಮಧ್ಯದಲ್ಲೇ ಸಿಕ್ಕಿಹಾಕಿಕೊಂಡು ಬಿಡಿಸಲಾಗದಿದ್ದರೆ, ಮಲಗಿದರೂ ಬಿಡದ ನೋವಿನ ಜೊತೆ ತೂಕ ಇಳಿಯುತ್ತಿದ್ದರೆ ಅದನ್ನೂ ತಡ ಮಾಡದೆ ತೋರಿಸಿ. ಮಡಿಕೇರಿಯ ಕೊಡಗು ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಬೋಧಕ ಆಸ್ಪತ್ರೆಯಲ್ಲಿ ಮೂಳೆ ವಿಭಾಗವಿದೆ. ಎಲ್ಲದಕ್ಕೂ ಮೈಸೂರಿಗೋ ಮಂಗಳೂರಿಗೋ ಓಡಬೇಕಿಲ್ಲ.

ಎಕ್ಸ್‌ರೇ ಬಗ್ಗೆ ಒಂದು ಮಾತು. ಎಕ್ಸ್‌ರೇಯಲ್ಲಿ ಸವೆತ ಜೋರಾಗಿ ಕಂಡರೂ ಆರಾಮವಾಗಿ ಓಡಾಡುವವರಿದ್ದಾರೆ. ಸ್ವಲ್ಪವೇ ಕಂಡರೂ ನರಳುವವರಿದ್ದಾರೆ. ಫಿಲಂ ನೋಡಿ ಧೈರ್ಯ ಕಳೆದುಕೊಳ್ಳಬೇಡಿ. ನೀವು ಎಷ್ಟು ನಡೆಯಬಲ್ಲಿರಿ, ಏನು ಮಾಡಬಲ್ಲಿರಿ ಅನ್ನುವುದು ಅದಕ್ಕಿಂತ ಮುಖ್ಯ.

ನಡೆದರೆ ಇನ್ನೂ ಸವೆಯುವುದಿಲ್ಲವೇ?

ಎಲ್ಲರಿಗೂ ಇರುವ ಭಯ ಇದು. ಮೂಳೆಯ ತುದಿಗೆ ಹೊದಿಸಿದ ಮೃದ್ವಸ್ಥಿಗೆ ರಕ್ತನಾಳವೇ ಇಲ್ಲ. ಅದಕ್ಕೆ ಪೋಷಣೆ ಸಿಗುವುದು ಕೀಲಿನೊಳಗಿನ ದ್ರವದಿಂದ. ಹೆಜ್ಜೆ ಇಟ್ಟಾಗ ಒತ್ತಡ ಬಿದ್ದು, ಎತ್ತಿದಾಗ ಬಿಟ್ಟು, ಹೀಗೆ ಆಗುತ್ತಿದ್ದರೆ ಮಾತ್ರ ಆ ದ್ರವ ಒಳಗೆ ಹೊರಗೆ ಆಡುತ್ತದೆ. ಅಲ್ಲಾಡದ ಕೀಲು ಉಪವಾಸ ಬೀಳುತ್ತದೆ. ಜೊತೆಗೆ, ಮಂಡಿಯ ಮೇಲೆ ಬೀಳುವ ಹೊಡೆತದಲ್ಲಿ ಒಂದು ಪಾಲು ತೊಡೆಯ ಮುಂಭಾಗದ ಸ್ನಾಯು ತಡೆದುಕೊಳ್ಳುತ್ತದೆ. ಅದು ಸೊರಗಿದರೆ ಪೂರ್ತಿ ಭಾರ ಕೀಲಿಗೇ.

ಹಾಗಂತ ಯಾವ ಭಾರವಾದರೂ ಸರಿ ಅಂತಲ್ಲ. ವರ್ಷಗಟ್ಟಲೆ ಕುಕ್ಕರಗಾಲಲ್ಲಿ ಕೂತು ಮಾಡುವ ಕೆಲಸ, ಮಂಡಿಯೂರುವ ಕೆಲಸ, ಭಾರ ಹೊರುವ ಕೆಲಸ, ಇವೆಲ್ಲ ಸವೆತದ ಅಪಾಯ ಹೆಚ್ಚಿಸುತ್ತವೆ. ಹಳೆಯ ಪೆಟ್ಟೂ ಹಾಗೆಯೇ. ನಮ್ಮಲ್ಲಿ ಹಾಕಿ ಆಡದ ಮನೆ ಯಾವುದಿದೆ? 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕೌಟುಂಬಿಕ ಹಾಕಿಯಲ್ಲಿ ಆಡಿದವರಿಗೆ ಈಗ ಐವತ್ತು ಅರವತ್ತು. ಅಂದು ಮಂಡಿಯ ಲಿಗಮೆಂಟ್ (ಮೂಳೆಗಳನ್ನು ಹಿಡಿದಿಡುವ ಪಟ್ಟಿ) ಹರಿದುಕೊಂಡು "ಸರಿಯಾಯ್ತು" ಅಂತ ಬಿಟ್ಟವರು ಉಳಿದವರಿಗಿಂತ ಮೊದಲೇ ಎಚ್ಚರವಾಗಬೇಕು. ಈಗ ಆಡುತ್ತಿರುವ ಹುಡುಗ ಹುಡುಗಿಯರಿಗೂ ಅಷ್ಟೆ. ಮಂಡಿ ತಿರುಚಿದರೆ ಪೂರ್ತಿ ಬಲ ಬರುವವರೆಗೆ ಮೈದಾನಕ್ಕೆ ಇಳಿಯಬೇಡಿ.

ದಿನಕ್ಕೆ ಇಪ್ಪತ್ತು ನಿಮಿಷ, ಕುರ್ಚಿಯೊಂದು ಸಾಕು

ಕೊಡವ ತಿಂಗಳು ಕಕ್ಕಡದ 18ಕ್ಕೆ, ಅಂದರೆ ಆಗಸ್ಟ್ ಮೊದಲ ವಾರದಲ್ಲಿ, ನಾವೆಲ್ಲ ಮದ್ದು ಸೊಪ್ಪಿನ ಪಾಯಸ ತಿನ್ನುತ್ತೇವೆ. ಆ ದಿನ ಸೊಪ್ಪಿನಲ್ಲಿ 18 ಬಗೆಯ ಔಷಧ ಕೂಡಿರುತ್ತದೆ ಅನ್ನುವ ನಂಬಿಕೆ. ತಿನ್ನಿ, ಚೆನ್ನಾಗಿರುತ್ತದೆ. ಅವತ್ತೇ ಈ ವ್ಯಾಯಾಮವನ್ನೂ ಶುರು ಮಾಡಿ. ಸ್ನಾಯುವಿಗೆ ಬಲ ಬರಲು 6ರಿಂದ 12 ವಾರ ಬೇಕು. ಆಗಸ್ಟ್‌ನಲ್ಲಿ ಶುರು ಮಾಡಿದರೆ ನವೆಂಬರ್‌ಗೆ ಕಾಲು ತಯಾರಿರುತ್ತದೆ. ಕೈಲ್‌ಪೊಳ್ದ್ ಹಬ್ಬ ಮುಗಿದ ಮೇಲೆ, ಅಂದರೆ ಸೆಪ್ಟೆಂಬರ್ ಮೊದಲ ವಾರ ಕಳೆದ ಮೇಲೆ, ಶುರು ಮಾಡಿದರೂ ಪರವಾಗಿಲ್ಲ. ಸುಗ್ಗಿ ಹಬ್ಬ ಪುತ್ತರಿಯವರೆಗೆ (ನವೆಂಬರ್ ಕೊನೆ, ಡಿಸೆಂಬರ್) ಮುಂದೂಡಿದರೆ ಮಾತ್ರ ತಡವಾಯಿತು.

1. ಕೈಯಿಲ್ಲದ ಗಟ್ಟಿ ಕುರ್ಚಿಯಲ್ಲಿ ನೇರ ಕೂತುಕೊಳ್ಳಿ. ಒಂದು ಕಾಲನ್ನು ಪೂರ್ತಿ ಚಾಚಿ, ಪಾದ ನಿಮ್ಮ ಕಡೆ ಎಳೆದು, ತೊಡೆ ಬಿಗಿ ಮಾಡಿ. ಐದು ಎಣಿಸುವವರೆಗೆ ಹಿಡಿದು ನಿಧಾನ ಇಳಿಸಿ. ಒಂದೊಂದು ಕಾಲಿಗೆ ಹತ್ತು ಸಲ. ಉಸಿರು ಕಟ್ಟಬೇಡಿ.

2. ಮಂಚದ ಮೇಲೆ ಕಾಲು ಚಾಚಿ, ಮಂಡಿಯ ಕೆಳಗೆ ಟವೆಲ್ ಸುರುಳಿ ಇಡಿ. ಮಂಡಿಯಿಂದ ಟವೆಲನ್ನು ಕೆಳಗೆ ಒತ್ತಿ, ಐದು ಎಣಿಸಿ, ಬಿಡಿ. ನೋವು ಜಾಸ್ತಿ ಇರುವ ದಿನವೂ ಇದನ್ನು ಮಾಡಬಹುದು.

3. ಅಂಗಾತ ಮಲಗಿ. ಒಂದು ಮಂಡಿ ಮಡಚಿ, ಇನ್ನೊಂದು ಕಾಲನ್ನು ನೇರವಾಗಿಟ್ಟು ಒಂದಡಿ ಎತ್ತಿ. ಐದು ಎಣಿಸಿ ಇಳಿಸಿ. ಹತ್ತು ಸಲ. ಬೆನ್ನು ನೋವಿದ್ದರೆ ಇದನ್ನು ಬಿಡಿ.

4. ಪಕ್ಕಕ್ಕೆ ಮಲಗಿ ಮೇಲಿನ ಕಾಲನ್ನು ನೇರವಾಗಿ ಎತ್ತಿ ಇಳಿಸಿ. ಇದು ಸೊಂಟದ ಪಕ್ಕದ ಸ್ನಾಯುವಿಗೆ. ಇಳಿಜಾರಿನಲ್ಲಿ ದೇಹ ವಾಲದಂತೆ ಹಿಡಿಯುವುದು ಇದೇ. ನಮ್ಮ ಊರಿನವರಿಗೆ ಬಹಳ ಬೇಕಾದದ್ದು, ಎಲ್ಲರೂ ಮರೆಯುವುದೂ ಇದನ್ನೇ.

5. ಗೋಡೆ ಹಿಡಿದು ನಿಂತು ಹಿಮ್ಮಡಿ ಎತ್ತಿ, ನಿಧಾನ ಇಳಿಸಿ. ಹತ್ತು ಸಲ.

6. ಕುರ್ಚಿಯಿಂದ ಕೈ ಊರದೆ ಎದ್ದು, ನಿಧಾನ ಕೂತುಕೊಳ್ಳಿ. ಎಂಟು ಹತ್ತು ಸಲ. ಕಷ್ಟವಾದರೆ ಕುರ್ಚಿಯ ಮೇಲೆ ದಪ್ಪ ದಿಂಬು ಹಾಕಿ ಎತ್ತರ ಮಾಡಿಕೊಳ್ಳಿ. ಎರಡು ವಾರ ಕಳೆದ ಮೇಲೆ ದಿಂಬು ತೆಗೆಯಿರಿ.

ಇವುಗಳಲ್ಲಿ ಒಂದನ್ನೇ ಆರಿಸು ಅಂದರೆ ನಾನು ಕೊನೆಯದನ್ನೇ ಆರಿಸುತ್ತೇನೆ. ಜೀಪಿನಿಂದ ಇಳಿಯುವುದಕ್ಕೂ, ಕಮೋಡಿನಿಂದ ಏಳುವುದಕ್ಕೂ, ಏರು ಹತ್ತುವುದಕ್ಕೂ ಬೇಕಾದ ಬಲ ಅದರಲ್ಲಿದೆ. ಬಲ ತುಂಬುವ ಈ ವ್ಯಾಯಾಮ ವಾರಕ್ಕೆ ಮೂರು ದಿನ ಮಾಡಿದರೂ ನಡೆಯುತ್ತದೆ.

ಮಾಡುವಾಗ ನೋವಾಗಬಹುದು. ಎಷ್ಟರವರೆಗೆ ಸರಿ? ನೋವಿಗೆ ಸೊನ್ನೆಯಿಂದ ಹತ್ತರೊಳಗೆ ಅಂಕ ಕೊಡಿ. ನಾಲ್ಕೈದರೊಳಗಿದ್ದು, ಮಾರನೆಯ ಬೆಳಿಗ್ಗೆಗೆ ಮೊದಲಿನಂತಾದರೆ ತೊಂದರೆ ಇಲ್ಲ. ಬೆಳಿಗ್ಗೆಯೂ ಜಾಸ್ತಿ ಇದ್ದರೆ, ಮಂಡಿ ಊದಿದ್ದರೆ, ಎಣಿಕೆಯನ್ನು ಅರ್ಧಕ್ಕೆ ಇಳಿಸಿ. ಪೂರ್ತಿ ಬಿಡಬೇಡಿ. ಸಾಧ್ಯವಾದರೆ ಒಂದು ಸಲ ಫಿಸಿಯೋಥೆರಪಿಸ್ಟ್ ಹತ್ತಿರ ಹೋಗಿ, ಸರಿಯಾಗಿ ಮಾಡುತ್ತಿದ್ದೀರಾ ಅಂತ ತೋರಿಸಿಕೊಂಡು ಬನ್ನಿ.

ನಡೆಯೋದು ಎಲ್ಲಿ?

ಡಾಕ್ಟರು "ಸಮತಟ್ಟಾದ ಜಾಗದಲ್ಲಿ ನಡೆಯಿರಿ" ಅಂದುಬಿಡುತ್ತಾರೆ. ಕೊಡಗಿನಲ್ಲಿ ಸಮತಟ್ಟು ಎಲ್ಲಿದೆ, ಅಲ್ವಾ? ಸ್ವಲ್ಪ ಹುಡುಕಬೇಕು. ಕುಶಾಲನಗರದ ಕಡೆಯವರಿಗೆ ಕಷ್ಟವಿಲ್ಲ. ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯ ಕ್ರೀಡಾಂಗಣವಿದೆ. ಹಳ್ಳಿಯವರಿಗೆ ಶಾಲೆ ಮೈದಾನ. ತೋಟವಿದ್ದವರಿಗೆ ಕಾಫಿ ಒಣಗಿಸುವ ಕಣ ಇದ್ದೇ ಇದೆ. ಕುಯ್ಲು ಬಿಟ್ಟರೆ ಅದು ಖಾಲಿ ಬಿದ್ದಿರುತ್ತದೆ. ಮಳೆಗಾಲದಲ್ಲಿ ಅಲ್ಲಿ ಪಾಚಿ ಕಟ್ಟುತ್ತದೆ, ಆಗ ಮಾತ್ರ ಬೇಡ. ಜುಲೈನಲ್ಲಿ ಮನೆಯ ಉದ್ದ ಜಗಲಿಯಲ್ಲೋ ಗೋಡೌನಿನಲ್ಲೋ ಹತ್ತು ನಿಮಿಷ ಅತ್ತಿಂದಿತ್ತ ನಡೆಯಿರಿ, ದಿನಕ್ಕೆ ಮೂರು ಸಲ. ವಾರಕ್ಕೆ 150 ನಿಮಿಷ ಗುರಿ ಇರಲಿ. ಮೊದಲ ವಾರವೇ ಅಷ್ಟು ಮಾಡಬೇಕಿಲ್ಲ.

ಇಳಿಜಾರು ತಪ್ಪಿಸಲು ಆಗುವುದಿಲ್ಲ. ಮಂಡಿಗೆ ಹತ್ತುವುದಕ್ಕಿಂತ ಇಳಿಯುವುದು ಕಷ್ಟ, ಮಂಡಿಚಿಪ್ಪಿನ ಹಿಂದೆ ಒತ್ತಡ ಜಾಸ್ತಿ ಬೀಳುತ್ತದೆ. ನೇರ ಇಳಿಯಬೇಡಿ. ಅಡ್ಡಡ್ಡವಾಗಿ, ಸಣ್ಣ ಹೆಜ್ಜೆಯಲ್ಲಿ ಇಳಿಯಿರಿ. ಮೆಟ್ಟಿಲಿದ್ದರೆ ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ನೋಯುವ ಕಾಲು ಮೊದಲು. ತಲಕಾವೇರಿಗೆ ಹೋದಾಗ ಬ್ರಹ್ಮಗಿರಿ ಮೆಟ್ಟಿಲು ಬೇಡ, ನಿಮಗೆ ಕಾವೇರಿ ಹುಟ್ಟುವ ಕುಂಡಿಕೆಯ ದರ್ಶನ ಸಾಕು.

ಕೋಲು ಹಿಡಿಯಲು ನಾಚಿಕೆ ಬೇಡ. ಆದರೆ ಹೆಚ್ಚಿನವರು ತಪ್ಪು ಕೈಯಲ್ಲಿ ಹಿಡಿಯುತ್ತಾರೆ. ಬಲ ಮಂಡಿ ನೋವಿದ್ದರೆ ಕೋಲು ಎಡಗೈಯಲ್ಲಿರಬೇಕು. ನೋಯುವ ಕಾಲೂ ಕೋಲೂ ಒಟ್ಟಿಗೆ ಮುಂದೆ ಹೋಗಬೇಕು. ಕೈ ಇಳಿಬಿಟ್ಟು ನಿಂತಾಗ ಕೋಲಿನ ಹಿಡಿ ಮಣಿಕಟ್ಟಿನ ಮಟ್ಟಕ್ಕೆ ಬರಬೇಕು. ತೋಟದಲ್ಲಿ ಕಡಿದ ಕೋಲಾದರೂ ತುದಿಗೆ ರಬ್ಬರ್ ಬುಷ್ ಹಾಕಿಸಿ, ಇಲ್ಲದಿದ್ದರೆ ಒದ್ದೆ ಸಿಮೆಂಟಿನಲ್ಲಿ ಜಾರುತ್ತದೆ.

ತೋಟದಲ್ಲಿ ಕೆಲಸ ಮಾಡುವ ರೀತಿ

ಕೆಲಸ ಬಿಡಿ ಅಂತ ಹೇಳುವುದು ಸುಲಭ. ಕೂಲಿ ಮಾಡುವವರಿಗೆ ಅದು ಆಗದ ಮಾತು, ಆಳು ಸಿಗದ ಬೆಳೆಗಾರರಿಗೂ ಆಗದ ಮಾತು. ಆದ್ದರಿಂದ ಕೆಲಸದ ರೀತಿ ಬದಲಿಸಬೇಕು.

ಮಂಡಿಗೆ ಅತಿ ಕೆಟ್ಟದ್ದು ಉದುರು ಕಾಫಿ ಹೆಕ್ಕುವುದು. ಗಂಟೆಗಟ್ಟಲೆ ಕುಕ್ಕರಗಾಲು. ಒಂದಡಿ ಎತ್ತರದ ಹಗುರ ಸ್ಟೂಲು ಜೊತೆಗೆ ಒಯ್ದು, ಅದರ ಮೇಲೆ ಕೂತು ಹೆಕ್ಕಿ. ಗಿಡದಿಂದ ಗಿಡಕ್ಕೆ ಅದನ್ನು ಎಳೆದುಕೊಂಡು ಹೋಗುವುದು ರಗಳೆ ಅನ್ನಿಸುತ್ತದೆ, ಎರಡು ದಿನದಲ್ಲಿ ಅಭ್ಯಾಸವಾಗುತ್ತದೆ. ಕುಯ್ಲಿಗೆ ಮೊದಲೇ ಗಿಡದ ಬುಡಕ್ಕೆ ಬಲೆಯೋ ಪ್ಲಾಸ್ಟಿಕ್ ಹಾಳೆಯೋ ಹಾಸಿದರೆ ಹೆಕ್ಕುವ ಕೆಲಸವೇ ಅರ್ಧ ಕಡಿಮೆ. ಅರ್ಧ ಗಂಟೆಗೊಮ್ಮೆ ಎದ್ದು, ನಿಂತು ಕುಯ್ಯುವ ಕೆಲಸಕ್ಕೆ ಬದಲಾಗಿ. ಇಬ್ಬರು ಜೊತೆಗಿದ್ದರೆ ಇದು ಸುಲಭ: ಒಬ್ಬರು ಮೇಲೆ ಕುಯ್ಯಲಿ, ಒಬ್ಬರು ಕೆಳಗೆ ಹೆಕ್ಕಲಿ, ಆಗಾಗ ಅದಲು ಬದಲು. ಆಳುಗಳಿಂದ ಕೆಲಸ ಮಾಡಿಸುವವರೂ ಇದನ್ನು ನೋಡಿಕೊಳ್ಳಬೇಕು. ಐವತ್ತು ದಾಟಿದ ಹೆಂಗಸರಿಗೆ ಇಡೀ ದಿನ ಹೆಕ್ಕುವ ಕೆಲಸವನ್ನೇ ಕೊಡುವುದು ನ್ಯಾಯವಲ್ಲ.

ಚೀಲ ಪೂರ್ತಿ ತುಂಬಿಸಿ ಏರು ಹತ್ತಿಸಬೇಡಿ. ಅರ್ಧ ಚೀಲ, ಎರಡು ಸಲ. ಜೀಪು ಬರುವ ರಸ್ತೆಯಿಂದ ದೂರದ ಬ್ಲಾಕ್‌ನಲ್ಲಿ ಹೊರುವ ಕೆಲಸ ಎಳೆಯರದ್ದಾಗಲಿ. ಮೆಣಸು ಕುಯ್ಯಲು ಏಣಿ ಹತ್ತುವುದನ್ನು ಮಂಡಿ ನೋವಿದ್ದವರು ಬಿಟ್ಟೇ ಬಿಡಿ. ಮೇಲೆ ಮಂಡಿ ಕೈಕೊಟ್ಟರೆ ಮಂಡಿ ಮಾತ್ರ ಹೋಗುವುದಿಲ್ಲ.

ಗಂಬೂಟು ಜಿಗಣೆಗೆ, ಕೆಸರಿಗೆ ಬೇಕೇ ಬೇಕು. ಆದರೆ ಒಳಗೆ ಪಾದಕ್ಕೆ ಆಸರೆ ಇರುವುದಿಲ್ಲ. ದಪ್ಪ ಮೆತ್ತನೆಯ ಇನ್‌ಸೋಲ್ ಹಾಕಿಕೊಳ್ಳಿ. ಅಡಿ ಸವೆದದ್ದನ್ನು ಇನ್ನೊಂದು ಮಳೆಗಾಲಕ್ಕೆ ಉಳಿಸಬೇಡಿ.

ಹೆಬ್ಬೆರಳಿನ ಬುಡ ನೋಯುವವರು ಕತ್ತಿ, ಕತ್ತರಿಯ ಹಿಡಿಗೆ ಹಳೆಯ ಸೈಕಲ್ ಟ್ಯೂಬ್ ಸುತ್ತಿ ದಪ್ಪ ಮಾಡಿಕೊಳ್ಳಿ. ಹಿಡಿ ಸಣ್ಣಗಿದ್ದಷ್ಟೂ ಹೆಚ್ಚು ಬಿಗಿಯಾಗಿ ಹಿಡಿಯಬೇಕಾಗುತ್ತದೆ.

ಮನೆಯೊಳಗೆ

ಖರ್ಚು ಮಾಡುವುದಿದ್ದರೆ ಮೊದಲು ಶೌಚಾಲಯಕ್ಕೆ ಮಾಡಿ. ಕಮೋಡ್ ಹಾಕಿಸಿ, ಇಲ್ಲವೇ ಹಳೆಯದರ ಮೇಲೆ ಇಡುವ ಕಮೋಡ್ ಕುರ್ಚಿ ತನ್ನಿ. ಗೋಡೆಗೆ ಹಿಡಿಕೆ ಹೊಡೆಸಿ. ಮೆಟ್ಟುಗತ್ತಿ ಬಿಟ್ಟು ಮೇಜಿನ ಮೇಲೆ ತರಕಾರಿ ಹೆಚ್ಚಿ. ಊಟಕ್ಕೂ ಮೇಜು. ಐನ್‌ಮನೆಯ (ಕುಟುಂಬದ ಮೂಲ ಮನೆಯ) ಕಲ್ಲಿನ ಮೆಟ್ಟಿಲಿಗೆ ಒಂದು ಕಡೆಯಾದರೂ ಕೈಪಿಡಿ ಹಾಕಿಸಿ. ಹಳೇ ಮನೆಯ ಅಂದ ಕೆಡುತ್ತದೆ ಅಂತ ದಾಯಾದಿಗಳಲ್ಲಿ ಯಾರಾದರೂ ತಕರಾರು ಮಾಡಿಯೇ ಮಾಡುತ್ತಾರೆ, ಆದರೂ ಹಾಕಿಸಿ.

ತೂಕ ಮತ್ತು ಊಟ

ದೇಹದ ತೂಕ ಒಂದು ಕಿಲೋ ಇಳಿದರೆ, ಪ್ರತಿ ಹೆಜ್ಜೆಯಲ್ಲೂ ಮಂಡಿಯ ಮೇಲಿನ ಭಾರ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ. ಐದು ಕಿಲೋ ಇಳಿಸಿದವರ ಮಂಡಿಗೆ ಹೆಜ್ಜೆಗೆ ಇಪ್ಪತ್ತು ಕಿಲೋ ಹಗುರ. ಎಂಬತ್ತು ಕಿಲೋ ಇರುವವರು ನಾಲ್ಕರಿಂದ ಎಂಟು ಕಿಲೋ ಇಳಿಸಿದರೆ ನೋವಿನಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ.

ನಮ್ಮ ಊಟದಲ್ಲಿ ತೂಕ ಏರಿಸುವುದು ಅಕ್ಕಿಯೇ. ಬೆಳಿಗ್ಗೆ ಅಕ್ಕಿ ರೊಟ್ಟಿ ಇಲ್ಲವೇ ನೂಪುಟ್ಟು (ಒತ್ತು ಶಾವಿಗೆ), ಮಧ್ಯಾಹ್ನ ಅನ್ನ, ರಾತ್ರಿ ಕಡಂಬುಟ್ಟು (ಅಕ್ಕಿ ತರಿಯ ಉಂಡೆ). ಬಿಡಬೇಕಿಲ್ಲ, ಎಣಿಕೆ ಇಳಿಸಿ. ನಾಲ್ಕು ಕಡಂಬುಟ್ಟು ತಿನ್ನುವಲ್ಲಿ ಎರಡು, ಉಳಿದ ಜಾಗಕ್ಕೆ ಸೊಪ್ಪು, ಕಾಳು, ಬೈಂಬಳೆ (ಕಳಲೆ) ಕರಿ. ಪಂದಿ (ಹಂದಿ) ಕರಿಯಲ್ಲಿ ಕೊಬ್ಬಿನ ತುಂಡು ಪಕ್ಕಕ್ಕಿಡಿ, ಮಾಂಸ ತಿನ್ನಿ. ವಯಸ್ಸಾದವರಿಗೆ ಸ್ನಾಯು ಉಳಿಯಬೇಕಾದರೆ ಪ್ರೋಟೀನ್ ಬೇಕು. ಮೊಟ್ಟೆ, ಮೀನು, ಹುರುಳಿ ಎಲ್ಲ ನಡೆಯುತ್ತದೆ. ಸಕ್ಕರೆ ಹಾಕಿದ ಕಾಫಿ ದಿನಕ್ಕೆ ಆರು ಲೋಟ ಕುಡಿಯುವವರು ಸಕ್ಕರೆಯ ಲೆಕ್ಕ ಹಾಕಿ ನೋಡಿ.

ಬಿಸಿ, ಮುಲಾಮು, ಮಾತ್ರೆ

ಥಂಡಿಯಲ್ಲಿ ಬಿಗಿತ ಹೆಚ್ಚೆನಿಸಿದರೂ ಅದರಿಂದ ಸವೆತವೇನೂ ಹೆಚ್ಚುವುದಿಲ್ಲ. ಬೆಳಿಗ್ಗೆ ಹಂಡೆ ನೀರಿನ ಸ್ನಾನ, ಇಲ್ಲವೇ ಬಿಸಿನೀರಿನ ಚೀಲ 15ರಿಂದ 20 ನಿಮಿಷ ಇಟ್ಟರೆ ಬಿಗಿತ ಸಡಿಲವಾಗುತ್ತದೆ. ವ್ಯಾಯಾಮಕ್ಕೆ ಅದೇ ಒಳ್ಳೆಯ ಹೊತ್ತು. ಕೆಲಸ ಮಾಡಿ ಊದಿದ ಮಂಡಿಗೆ ತಣ್ಣನೆಯ ಪಟ್ಟಿ. ಸಕ್ಕರೆ ಕಾಯಿಲೆಯಿಂದ ಕಾಲು ಜೋಮು ಹಿಡಿದವರು ಕಾವು ಕೊಡುವಾಗ, ಒಲೆ ಮುಂದೆ ಕೂರುವಾಗ ಜೋಪಾನ. ಸುಟ್ಟದ್ದು ಗೊತ್ತೇ ಆಗುವುದಿಲ್ಲ.

ನೋವಿಗೆ ಮೊದಲು ಡೈಕ್ಲೋಫೆನಾಕ್ ಜೆಲ್ ಹಚ್ಚಿ ನೋಡಿ. ಮಂಡಿಗೂ ಕೈಬೆರಳಿಗೂ ಅದು ಕೆಲಸ ಮಾಡುತ್ತದೆ, ಮಾತ್ರೆಯಷ್ಟು ಅಪಾಯವಿಲ್ಲ. ಮೆಡಿಕಲ್‌ನಲ್ಲಿ ಕೇಳಿ ತರುವ ನೋವಿನ ಮಾತ್ರೆಗಳನ್ನು ವಾರಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣು, ರಕ್ತಸ್ರಾವ, ಕಿಡ್ನಿಗೆ ಹಾನಿ, ಬಿಪಿ ಏರಿಕೆ ಎಲ್ಲ ಆಗಬಹುದು. ಸಂಜೆ ಒಂದೆರಡು ಪೆಗ್ ಹಾಕುವವರಿಗೆ ಹೊಟ್ಟೆಯ ಅಪಾಯ ಇನ್ನೂ ಹೆಚ್ಚು. ಡಾಕ್ಟರ ಹತ್ತಿರ ಇದನ್ನು ಮುಚ್ಚಿಡಬೇಡಿ. ಕೀಲಿಗೆ ಒಳ್ಳೆಯದು ಅಂತ ಮಾರುವ ಗ್ಲುಕೋಸಮಿನ್ ಡಬ್ಬಿಗೆ ತಿಂಗಳು ತಿಂಗಳು ದುಡ್ಡು ಹಾಕುವ ಬದಲು ಒಳ್ಳೆಯ ಶೂ ತೆಗೆದುಕೊಳ್ಳಿ. ಲೇಬಲ್ ಇಲ್ಲದ ಪುಡಿ, ಗುಳಿಗೆ ಯಾರು ಕೊಟ್ಟರೂ ಬೇಡ. ಅಂಥ ಕೆಲವದರಲ್ಲಿ ಸ್ಟೀರಾಯ್ಡ್ ಬೆರೆಸಿರುವುದು ಪತ್ತೆಯಾಗಿದೆ. ಎರಡೇ ದಿನದಲ್ಲಿ ಮ್ಯಾಜಿಕ್ಕಿನಂತೆ ನೋವು ಹೋದರೆ ಅದೇ ಅನುಮಾನಕ್ಕೆ ಕಾರಣ.

ಆಪರೇಷನ್ ಮಾತು ಬಂದರೆ

ಇಷ್ಟೆಲ್ಲ ಮಾಡಿಯೂ ರಾತ್ರಿ ನಿದ್ದೆ ಇಲ್ಲ, ಮನೆಯೊಳಗೆ ಓಡಾಡುವುದೂ ಕಷ್ಟ ಅಂದರೆ ಮಂಡಿ ಬದಲಿ ಶಸ್ತ್ರಚಿಕಿತ್ಸೆ ಬಗ್ಗೆ ಕೇಳಬಹುದು. ಕೃತಕ ಮಂಡಿಗಳಲ್ಲಿ ಹತ್ತರಲ್ಲಿ ಎಂಟು 25 ವರ್ಷ ಬಾಳುತ್ತವೆ. 2017ರ ಆಗಸ್ಟ್‌ನಲ್ಲಿ ಕೇಂದ್ರ ಸರಕಾರ ಈ ಕೃತಕ ಕೀಲಿನ ಇಂಪ್ಲಾಂಟ್‌ಗಳ ಬೆಲೆಗೆ ಮಿತಿ ಹಾಕಿದೆ. ಬಿಲ್ಲಿನಲ್ಲಿ ಇಂಪ್ಲಾಂಟ್ ಬೆಲೆಯನ್ನು ಬೇರೆಯಾಗಿ ತೋರಿಸಲು ಕೇಳಿ. ಸರಕಾರಿ ಯೋಜನೆಯಲ್ಲಿ ನೆರವು ಸಿಗುತ್ತದೆಯೇ ಅಂತ ಆಸ್ಪತ್ರೆಯಲ್ಲಿ ಯೋಜನೆಗಳ ಮಾಹಿತಿ ಕೊಡುವ ಆರೋಗ್ಯಮಿತ್ರರನ್ನು ಮೊದಲೇ ವಿಚಾರಿಸಿ.

ನಮ್ಮ ಊರಿಗೆ ದಿನ ಗೊತ್ತು ಮಾಡುವುದರಲ್ಲೂ ಲೆಕ್ಕಾಚಾರವಿದೆ. ಆಪರೇಷನ್ ಆದ ಮೇಲೆ 6ರಿಂದ 12 ವಾರ ವ್ಯಾಯಾಮ, ನಡಿಗೆ ಬಿಡದೆ ಆಗಬೇಕು. ಮೇ ಕೊನೆಯಲ್ಲಿ ಮಾಡಿಸಿಕೊಂಡರೆ ಮನೆಗೆ ಬರುವ ಹೊತ್ತಿಗೆ ಮಳೆ, ಜಾರುವ ಅಂಗಳ, ಕರೆಂಟಿಲ್ಲದ ಸಂಜೆ. ಕಾಫಿ, ಮೆಣಸು ಮುಗಿದ ಮಾರ್ಚ್ ಒಳ್ಳೆಯದು. ಆಸ್ಪತ್ರೆಗೆ ಹೋಗುವ ಮೊದಲೇ ಕಮೋಡ್, ಕೈಪಿಡಿ, ಎತ್ತರದ ಕುರ್ಚಿ ತಯಾರಿರಲಿ. ಮಲಗುವ ಕೋಣೆ ಮಾಳಿಗೆಯಲ್ಲಿದ್ದರೆ ಕೆಳಗೆ ಇಳಿಸಿಕೊಳ್ಳಿ. ಮೇಲಿನ ಆರು ವ್ಯಾಯಾಮಗಳನ್ನು ಆಪರೇಷನ್‌ಗೆ ಮೊದಲೇ ಎರಡು ತಿಂಗಳು ಮಾಡಿ. ಗಟ್ಟಿ ತೊಡೆಯಿಟ್ಟುಕೊಂಡು ಹೋದವರಿಗೆ ಆಮೇಲೆ ಎದ್ದು ಓಡಾಡುವುದು ಸುಲಭ.